ಎತ್ತರದ ಹಣ್ಣು, ಮುಖ ಹಿಂಡುವ ಹುಳಿ

ಲಡಾಖಿಗೆ ಹೋಗಿದ್ದ ಗೆಳೆಯ ಒಂದು ಬಾಟಲಿ ಕಿತ್ತಳೆ ಬಣ್ಣದ ಜ್ಯೂಸ್ ತಂದುಕೊಟ್ಟ. ನೀರು ಬೆರೆಸದೆ ಒಂದು ಗುಟುಕು ಕುಡಿದೆ, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹುಣಸೆಹಣ್ಣಿಗೆ ಪಳಗಿದ ನಾಲಿಗೆಗೂ ಆ ಹುಳಿ ಜಾಸ್ತಿಯೇ. ಎರಡು ದಿನ ಬಿಟ್ಟು ನೋಡಿದರೆ ರಸದ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತಿದೆ. ಕೆಟ್ಟಿರಬೇಕು ಅಂತ ಚೆಲ್ಲಲು ಹೊರಟಿದ್ದೆ. ಕೆಟ್ಟಿರಲಿಲ್ಲ, ಈ ಹಣ್ಣಿನ ತಿರುಳಲ್ಲೇ ಎಣ್ಣೆ ಇರುತ್ತದೆ.

ಹೆಸರು ಸೀ ಬಕ್‌ಥಾರ್ನ್. ಸಿಂಧೂ, ನುಬ್ರಾ ನದಿಗಳ ದಂಡೆಯ ಮರಳಲ್ಲಿ ಬೆಳೆಯುವ ಮುಳ್ಳಿನ ಪೊದೆ. ಬಟಾಣಿ ಗಾತ್ರದ ಹಣ್ಣು ಕೊಂಬೆಗೆ ಒತ್ತೊತ್ತಾಗಿ ಅಂಟಿರುತ್ತದೆ, ಕೈ ಹಾಕಿದರೆ ಮುಳ್ಳು ಚುಚ್ಚುತ್ತದೆ, ಬಿಗಿಯಾಗಿ ಹಿಡಿದರೆ ಹಣ್ಣೇ ಒಡೆದುಹೋಗುತ್ತದೆ, ಹಾಗಾಗಿ ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿದು ಉದುರಿಸುತ್ತಾರೆ.

ಬಾಟಲಿಯ ಮೇಲೆ 'ಹಿಮಾಲಯದ ಎತ್ತರದಲ್ಲಿ ಬೆಳೆದದ್ದು, ಆದ್ದರಿಂದ ಪೌಷ್ಟಿಕ' ಅಂತ ಬರೆದಿತ್ತು. ನನ್ನ ತಕರಾರು ಆ 'ಆದ್ದರಿಂದ'ದ ಮೇಲೆ.

ಪೂರ್ತಿ ಸುಳ್ಳೇನಲ್ಲ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಬಿಸಿಲಿನ ನೇರಳಾತೀತ ಕಿರಣ ಹೆಚ್ಚುಕಮ್ಮಿ ಶೇ 10ರಷ್ಟು ಏರುತ್ತದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಾವಾದರೆ ಟೋಪಿ ಹಾಕಿಕೊಳ್ಳುತ್ತೇವೆ, ಗಿಡ ಏನು ಮಾಡಬೇಕು? ಆ ಕಿರಣವನ್ನು ಹೀರಿಕೊಳ್ಳುವ ಫ್ಲೇವನಾಲ್ ಎಂಬ ರಾಸಾಯನಿಕಗಳನ್ನು ಎಲೆಯಲ್ಲಿ, ಹಣ್ಣಿನ ಸಿಪ್ಪೆಯಲ್ಲಿ ತುಂಬಿಕೊಳ್ಳುತ್ತದೆ. ಅದರ ಜೊತೆಗೆ ಚಳಿ. ಎಲೆಗೆ ಬೆಳಕು ಬೀಳುತ್ತಲೇ ಇರುತ್ತದೆ, ಆದರೆ ಅದನ್ನು ಸಕ್ಕರೆ ಮಾಡುವ ಕಿಣ್ವಗಳು ಥಂಡಿಗೆ ನಿಧಾನವಾಗಿರುತ್ತವೆ. ಒಲೆ ಉರಿ ಜೋರಾಗಿದ್ದು ಬಾಣಲೆ ಕೈಯಾಡಿಸುವವರು ತೂಕಡಿಸಿದ ಹಾಗೆ. ತಳ ಹತ್ತದೆ ಇರುತ್ತಾ? ಹೀಗೆ ಉಳಿದ ಶಕ್ತಿಯಿಂದ ಹುಟ್ಟುವ, ಜೀವಕೋಶವನ್ನು ಹಾಳುಮಾಡುವ ಬಗೆಯ ಆಮ್ಲಜನಕವನ್ನು ಅಡಗಿಸಲು ಗಿಡ ಬಳಸುವ ಸರಕುಗಳಲ್ಲಿ ವಿಟಮಿನ್ ಸಿ ಕೂಡ ಒಂದು. ನಮಗೆ ಪೌಷ್ಟಿಕ ಅನ್ನಿಸುವುದು ಗಿಡದ ಮಟ್ಟಿಗೆ ಪ್ರಾಣ ಉಳಿಸಿಕೊಳ್ಳುವ ಪಾಡು.

ಹುಳಿಗೂ ಚಳಿಯ ಕೈ ಇದೆ. ಮಾಗುವಾಗ ಹಣ್ಣು ತನಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಖರ್ಚು ಮಾಡುತ್ತದೆ. ರಾತ್ರಿ ತಣ್ಣಗಿದ್ದರೆ ಆ ಖರ್ಚು ಕಮ್ಮಿ, ಹುಳಿ ಹಾಗೇ ಉಳಿದುಬಿಡುತ್ತದೆ.

ಇಷ್ಟು ಕೇಳಿ 'ಎತ್ತರ ಏರಿದಷ್ಟೂ ಒಳ್ಳೆಯದು' ಅಂದುಕೊಂಡರೆ ಆಸ್ಟ್ರಿಯಾದ ಬೆಟ್ಟಗಳು ಅಡ್ಡ ಬರುತ್ತವೆ. ಅಲ್ಲಿನ ಬಿಲ್‌ಬೆರ್ರಿ ಎಂಬ ಪುಟ್ಟ ನೀಲಿ ಕಾಡುಹಣ್ಣಿನಲ್ಲಿ ಮೇಲೆ ಹೋದಂತೆ ನೀಲಿ ಬಣ್ಣದ ಆಂಥೋಸಯನಿನ್ ಇಳಿದದ್ದು ಕಂಡುಬಂದಿದೆ. ಮೇಲೆ ಬೇಸಿಗೆ ಚಿಕ್ಕದು, ಬಣ್ಣ ಕಟ್ಟಲು ಬೇಕಾದ ಸಕ್ಕರೆಯೇ ಸಾಲದೆ ಹೋಗಬಹುದು. ಸೀ ಬಕ್‌ಥಾರ್ನ್‌ನಲ್ಲೇ ನೋಡಿ, ಕೆಲವು ತಳಿಗಳ 100 ಗ್ರಾಂ ಹಣ್ಣಿನಲ್ಲಿ ವಿಟಮಿನ್ ಸಿ 100 ಮಿಲಿಗ್ರಾಂ ಕೂಡ ಇರುವುದಿಲ್ಲ, ಚೀನಾದ ಕೆಲವು ತಳಿಗಳಲ್ಲಿ 1,000 ದಾಟುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ಮುಖ್ಯ ಕಾರಣ ತಳಿಯ ವಂಶಗುಣ. ಎತ್ತರದ ಪಾಲೆಷ್ಟು ಅಂತ ತಿಳಿಯಬೇಕಾದರೆ ಒಂದೇ ಗಿಡದ ಕಡ್ಡಿಗಳನ್ನು ಕೆಳಗೊಂದು ಮೇಲೊಂದು ನೆಟ್ಟು ನೋಡಬೇಕು. ಸುಮ್ನೆ ಎರಡು ಬೆಟ್ಟದ ಹಣ್ಣು ಹೋಲಿಸಿದರೆ ತಳಿ, ಮಣ್ಣು, ಮಳೆ ಎಲ್ಲ ಕಲಸಿಹೋಗುತ್ತವೆ. ಅದರಲ್ಲೂ ಲೇಹ್‌ನಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ ಅಷ್ಟೇ.

ಅಂದ ಹಾಗೆ ನಮ್ಮ ಬೆಟ್ಟದ ನೆಲ್ಲಿಕಾಯಿ, ಹೆಸರಲ್ಲಿ ಬೆಟ್ಟವಿದ್ದರೂ, ಬಯಲುಸೀಮೆಯ ತೋಟದಲ್ಲೂ ಚೆನ್ನಾಗಿ ಬೆಳೆಯುತ್ತದೆ, 100 ಗ್ರಾಮಿಗೆ ನೂರಾರು ಮಿಲಿಗ್ರಾಂ ವಿಟಮಿನ್ ಸಿ ಕೊಡುತ್ತದೆ. ಗೆಳೆಯನಿಗೆ ಇದನ್ನು ಹೇಳಿದರೆ, 'ಹಾಗಾದ್ರೆ ಬಾಟಲಿ ವಾಪಸ್ ಕೊಡು' ಅಂದ. ಕೊಡಲಿಲ್ಲ. ಚೆನ್ನಾಗಿ ಅಲ್ಲಾಡಿಸಿ, ಬೆಲ್ಲದ ನೀರು ಬೆರೆಸಿ ಕುಡಿದರೆ ರುಚಿಯಾಗಿಯೇ ಇದೆ.