ಎಪ್ಪತ್ತೆರಡರ ಬರ ಈಗ ಶುಗರ್ ಆಗಿ ಬಂದಿದೆಯೇ?

ಪ್ರಶ್ನೆ (ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರಿಂದ): “ಎಪ್ಪತ್ತೆರಡರ ಬರದಾಗ ನಾನು ನಮ್ಮವ್ವನ ಹೊಟ್ಟ್ಯಾಗಿದ್ದೆ. ನಲವತ್ತಕ್ಕ ಶುಗರ್ ಬಂತು. ಅವ್ವನ ಹಸಿವು ನನ್ನ ಜೀನಿನ್ಯಾಗ ಕುಂತೈತೇನು? ಮಗಳಿಗೂ ಹೋಗತೈತೇನು?”

ಹಸಿವು ಜೀನಿನ ಅಕ್ಷರ ತಿದ್ದುವುದಿಲ್ಲ. ಅದರ ಮೇಲಿನ ಗುರುತನ್ನು ಬದಲಿಸಬಲ್ಲದು. ನಿಮ್ಮದು ಮಳೆ ನಂಬಿದ ಸೀಮೆಯಾದರೂ ಗಂಗಾವತಿ ಕಡೆಯ ಬೀಗರ ಹೊಲದಲ್ಲಿ ಕಾಲುವೆಯ ತೂಬು ನೋಡಿಯೇ ಇರುತ್ತೀರಿ. ಪ್ರತಿ ಜೀನಿಗೂ ತಾಯಿ ಕಡೆಯದೊಂದು, ತಂದೆ ಕಡೆಯದೊಂದು ಪ್ರತಿ. ಈ ಪ್ರತಿಗಳೂ ತೂಬಿನಂತೆಯೇ, ಸಾಮಾನ್ಯವಾಗಿ ಎರಡೂ ತೆರೆದಿರುತ್ತವೆ. ಸುಮಾರು ನೂರು ಜೀನುಗಳಲ್ಲಿ ಮಾತ್ರ ಎರಡರಲ್ಲೊಂದು ತೂಬು ಮುಚ್ಚಿರುತ್ತದೆ, ಯಾವುದೆಂಬುದು ಯಾರಿಂದ ಬಂತು ಎನ್ನುವುದರ ಮೇಲೆ. ಭ್ರೂಣದ ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನಿನಲ್ಲಿ ದುಡಿಯುವುದು ತಂದೆಯ ಪ್ರತಿ, ತಾಯಿಯದು ಸುಮ್ಮನಿರುತ್ತದೆ. ಯಾವ ತೂಬು ತೆರೆಯಬೇಕೆಂದು ತಿಳಿಸುವುದೇ ಮೊದಲು ಹೇಳಿದ ಗುರುತು: ಡಿಎನ್‌ಎಗೆ ಅಂಟುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ. ಅದನ್ನು ಒದಗಿಸಲು ಸೊಪ್ಪು-ಬೇಳೆಯ ಫೋಲೇಟ್, ಹಾಲು-ಮೊಟ್ಟೆಯ ಬಿ12 ಬೇಕು. ಬರದಲ್ಲಿ ಮೊದಲು ತಟ್ಟೆಯಿಂದ ಮಾಯವಾಗುವವೂ ಇವೇ.

ನೆದರ್ಲೆಂಡ್ಸ್‌ನಲ್ಲಿ 1944-45ರ ಚಳಿಗಾಲ ಜರ್ಮನ್ ಪಡೆ ಆಹಾರ ಸಾಗಣೆ ತಡೆಯಿತು. ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಗರ್ಭಕ್ಕೆ ಬಂದವರನ್ನು, ಆರು ದಶಕದ ನಂತರ, ಗರ್ಭದಲ್ಲಿ ಬರ ಕಾಣದ ಒಡಹುಟ್ಟಿದವರ ಜೊತೆ ಹೋಲಿಸಿದರು (2008). ಐಜಿಎಫ್2 ಬಳಿ ಮೀಥೈಲ್ ಕಡಿಮೆಯಿತ್ತು! ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿವು ಕಂಡವರು ಕಡಿಮೆ ತೂಕದಲ್ಲಿ ಹುಟ್ಟಿದರೂ ಅವರಲ್ಲಿ ಈ ವ್ಯತ್ಯಾಸ ಸಿಗಲಿಲ್ಲ. ಅಂದರೆ ಹಸಿವಿನ ಪ್ರಮಾಣಕ್ಕಿಂತ ಅದು ಬಂದ ಹೊತ್ತು ದೊಡ್ಡದು. ಹಾಗಂತ ಆ ಹೊತ್ತು ಹುಟ್ಟಿಗೇ ಮುಗಿಯುತ್ತದೆ ಎಂದೂ ಇಲ್ಲ: ಹಾಲು ಬಿಟ್ಟ ಇಲಿಮರಿಗಳಿಗೆ ಮೀಥೈಲ್ ಮೂಲಗಳಿಲ್ಲದ ಆಹಾರ ಕೊಟ್ಟಾಗ ಐಜಿಎಫ್2 ಕೆಲಸ ಬದಲಾಯಿತು, ಮಾಮೂಲಿ ಆಹಾರಕ್ಕೆ ಮರಳಿದ ಮೇಲೂ ಸರಿಹೋಗಲಿಲ್ಲ.

ಇಲ್ಲೊಂದು ಎಚ್ಚರ. ನೆದರ್ಲೆಂಡ್ಸ್‌ನಲ್ಲಿ ಅಳೆದದ್ದು ರಕ್ತದಲ್ಲಿನ ಗುರುತು, ಕಾಯಿಲೆಯನ್ನಲ್ಲ. ಗರ್ಭದಲ್ಲಿ ಆ ಬರ ಕಂಡವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಅರಗಿಸುವ ಶಕ್ತಿ ಕುಗ್ಗಿದ್ದು ನಿಜ; ಈ ಗುರುತೇ ಕಾರಣ ಎನ್ನಲಾಗದು. ನಿಮ್ಮ ಶುಗರ್‌ನಲ್ಲಿ ಬರದ ಪಾಲು ಇರಬಹುದು, ಸೊಂಟದ ಸುತ್ತಳತೆಯ ಪಾಲೂ ಇರಬಹುದು. ಅವ್ವನ ಪಾಲು ಎನ್ನಬೇಡಿ, ದಯವಿಟ್ಟು. ಮಳೆ ಬಾರದ್ದಕ್ಕೆ ಆಕೆ ಏನು ಮಾಡಿಯಾಳು?

ಮಗಳ ವಿಷಯ ಹಗುರ. ವೀರ್ಯ, ಅಂಡಾಣುಗಳಾಗುವ ಜೀವಕೋಶಗಳಲ್ಲಿ ಇಂಥ ಗುರುತುಗಳನ್ನು ಅಳಿಸಿ ಹೊಸದಾಗಿ ಬರೆಯಲಾಗುತ್ತದೆ. ಗಂಡಿನಲ್ಲಿ ತಂದೆಯ ಗುರುತು, ಹೆಣ್ಣಿನಲ್ಲಿ ತಾಯಿಯ ಗುರುತು. ನಿಮ್ಮ ರಕ್ತದಲ್ಲಿ ಉಳಿದದ್ದು ಆಕೆಗೆ ಹಾಗೇ ದಾಟುವುದಿಲ್ಲ. ಆದರೆ ಶುಗರ್ ಬೇರೆ ದಾರಿಗಳಿಂದಲೂ ಮನೆತನದಲ್ಲಿ ಸಾಗುತ್ತದೆ, ಹಾಗಾಗಿ ಮೂವತ್ತು ದಾಟಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.