ಸಾಲದ ಚಿಂತೆ, ಸೈಟಿನ ಚಿಂತೆ: ಎರಡೂ ಒಂದೇ ಮುಳ್ಳು

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಾರ್ಥನೆಗೆ ಚೀಟಿ ಬರೆದು ಕೊಡುವ ರೂಢಿ ಇದೆ. ಸಾಲ ತೀರಬೇಕು, ಬೋರ್‌ವೆಲ್‌ನಲ್ಲಿ ನೀರು ಬೀಳಬೇಕು, ಜಮೀನಿನ ಕೇಸು ಮುಗಿಯಬೇಕು, ಮಗನಿಗೆ ನರಸಾಪುರದ ಕಡೆ ಕಂಪನಿಯಲ್ಲಿ ಕೆಲಸ ಆಗಬೇಕು. ಜಾಸ್ತಿ ಬರುವುದು ಇಂಥವೇ. ಇದರಲ್ಲಿ ತಪ್ಪೇನೂ ಇಲ್ಲ. ಅನುದಿನದ ಆಹಾರ ಕೇಳಿ ಅಂತ ಯೇಸು ಸ್ವಾಮಿಯೇ ಕಲಿಸಿದ್ದಾರೆ. ಆದರೆ ನನ್ನ ಕೋಪ ತಗ್ಗಲಿ, ತಮ್ಮನನ್ನು ಕ್ಷಮಿಸುವ ಮನಸ್ಸು ಬರಲಿ ಅಂತ ಬರೆದ ಚೀಟಿ ಬಹಳ ಅಪರೂಪ. ಕೋಲಾರದ ಸುತ್ತಮುತ್ತ ಮನೆಮನೆಗೆ ಹೋಗಿ ಕುಟುಂಬ ಪ್ರಾರ್ಥನೆ ಮಾಡುವ ಸಭಾಪಾಲಕ ನಾನು. ನಮ್ಮ ಆತ್ಮಿಕ ಬೆಳವಣಿಗೆ ಎಲ್ಲಿ ನಿಂತುಬಿಟ್ಟಿದೆ ಅಂತ ಈ ಚೀಟಿಗಳೇ ನನಗೆ ಹೇಳುತ್ತವೆ.

ಯೇಸು ಸ್ವಾಮಿ ಹೇಳಿದ ಬಿತ್ತುವವನ ಸಾಮ್ಯ, ಅಂದರೆ ಬೀಜ ಬಿತ್ತುವವನ ಕಥೆ, ಎಲ್ಲರಿಗೂ ಗೊತ್ತು. ಮತ್ತಾಯ 13, ಮಾರ್ಕ 4, ಲೂಕ 8, ಮೂರು ಸುವಾರ್ತೆಗಳಲ್ಲೂ ಇದೆ. ಬೀಜ ಅಂದರೆ ದೇವರ ವಾಕ್ಯ. ಅದು ಬಿದ್ದದ್ದು ನಾಲ್ಕು ಕಡೆ: ದಾರಿ ಪಕ್ಕ, ಬಂಡೆ ನೆಲ, ಮುಳ್ಳುಗಿಡಗಳ ನಡುವೆ, ಒಳ್ಳೆಯ ನೆಲ. ಮುಳ್ಳಿನ ಭಾಗ ಬಂದಾಗ ಬಹಳ ಜನ ಇದು ಶ್ರೀಮಂತರಿಗೆ ಹೇಳಿದ್ದು ಅಂದುಕೊಂಡು ನಿರಾಳವಾಗಿ ಕೂರುತ್ತಾರೆ. ಓದಿ ನೋಡಿ. ಪೈರನ್ನು ಅದುಮುವ ಮುಳ್ಳು ಅಂತ ಅಲ್ಲಿ ಮೊದಲು ಬರುವುದು ಈ ಲೋಕದ ಚಿಂತೆ. ಐಶ್ವರ್ಯದ ಮೋಸ ಅದರ ನಂತರ. ಕೈಯಲ್ಲಿ ಕಾಸಿಲ್ಲದವನಿಗೂ, ಕಾಸು ಎಲ್ಲಿಡಲಿ ಅನ್ನುವವನಿಗೂ ಒಟ್ಟಿಗೆ ಹೇಳಿದ ಮಾತು ಅದು.

ಇನ್ನೊಂದು ವಿಷಯ ಇದೆ. ಮುಳ್ಳು ಬೆಳೆದ ನೆಲ ಕೆಟ್ಟ ನೆಲವಲ್ಲ. ಅಲ್ಲಿ ಮಣ್ಣಿದೆ, ತೇವ ಇದೆ. ಪೈರು ಸಾಯುವುದೂ ಇಲ್ಲ. ಕಳೆ ಕೀಳದೆ ಬಿಟ್ಟ ರಾಗಿ ಹೊಲವನ್ನು ರಸ್ತೆಯಿಂದ ನೋಡಿದರೆ ಹಸಿರಾಗಿಯೇ ಕಾಣುತ್ತದೆ. ಒಳಗೆ ಇಳಿದು ತೆನೆ ಹಿಡಿದು ನೋಡಿದಾಗಲೇ ಕಾಳು ಕಟ್ಟಿಲ್ಲ ಅಂತ ತಿಳಿಯೋದು. ಲೂಕನ ಸುವಾರ್ತೆಯಲ್ಲಿ ಇದೇ ಅರ್ಥ ಬರುತ್ತದೆ, ಅವರ ಫಲ ಮಾಗುವುದಿಲ್ಲ ಅಂತ. ಕಳೆಯಲ್ಲಿ ಅಣ್ಣೆ ಸೊಪ್ಪು ಕೂಡ ಇರುತ್ತದೆ. ಸಾರಿಗೆ ಬಹಳ ರುಚಿ. ಹಾಗಂತ ಹೊಲದ ತುಂಬ ಬಿಟ್ಟರೆ ರಾಗಿಯ ನೀರು, ಗೊಬ್ಬರ ಎಲ್ಲ ಅದಕ್ಕೇ ಹೋಗುತ್ತದೆ. ಮಕ್ಕಳ ಓದು, ಮನೆ ಕಟ್ಟೋದು, ಮಗಳ ಮದುವೆ, ಇವೆಲ್ಲ ಒಳ್ಳೆಯ ವಿಷಯಗಳೇ. ಆದ್ದರಿಂದಲೇ ಅವು ಯಾವಾಗ ಕಳೆಯಾದವು ಅಂತ ನಮಗೆ ತಿಳಿಯುವುದಿಲ್ಲ. ಭಾನುವಾರ ಆರಾಧನೆಗೆ ಬರುತ್ತೇವೆ, ಕಾಣಿಕೆ ಹಾಕುತ್ತೇವೆ, ಹಾಡುತ್ತೇವೆ. ಹತ್ತು ವರ್ಷದ ಹಿಂದೆ ಇದ್ದ ಕೋಪ, ಇದ್ದ ಹಟ ಮಾತ್ರ ಹಾಗೇ ಇರುತ್ತದೆ.

ಒಂದು ಮನೆಯ ಮಾತು ಹೇಳುತ್ತೇನೆ. ಆ ತಾಯಿ ಮೂರು ಕಡೆ ಸಂಘದ ಸಾಲ ತೆಗೆದಿದ್ದರು. ಒಂದು ಮಗಳ ಮದುವೆಗೆ. ಇನ್ನೊಂದು ಮೊದಲನೆಯದರ ಕಂತು ಕಟ್ಟಲಿಕ್ಕೆ. ಮೂರನೆಯದು ಎರಡನೆಯದಕ್ಕೆ. ಮೂರು ಪಾಸ್‌ಬುಕ್ಕನ್ನೂ ಸತ್ಯವೇದದ (ಬೈಬಲಿನ) ಒಳಗೇ ಇಟ್ಟಿದ್ದರು, ಕಳೆದುಹೋಗಬಾರದು ಅಂತ. ಪ್ರಾರ್ಥನೆ ನಡೆಯುವಾಗ ಹೊರಗೆ ಬೈಕ್ ಸದ್ದಾದರೆ ಸಾಕು, ಕಣ್ಣು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. "ಅಯ್ಯನವರೇ, ಮೊಣಕಾಲೂರಿದರೆ ಕಂತಿನ ಲೆಕ್ಕವೇ ಬರುತ್ತೆ, ಬೇರೆ ಮಾತೇ ಬರಲ್ಲ" ಅಂದರು.

ಇಂಥವರಿಗೆ ನಿಮಗೆ ನಂಬಿಕೆ ಸಾಲದು ಅಂತ ಹೇಳಿ ಎದ್ದು ಬರುವುದು ಕ್ರೂರತನ. ಸೇವೆಯಲ್ಲಿರುವ ನನ್ನ ಸಹೋದರರಿಗೆ ಇದನ್ನು ಕೈಮುಗಿದು ಹೇಳುತ್ತೇನೆ. ಸಾಲ ಪಾಪವಲ್ಲ, ಹಸಿವು ಪಾಪವಲ್ಲ. ಚಿಂತೆ ಮುಳ್ಳಾಗುವುದು ಅದನ್ನು ಮುಚ್ಚಿಟ್ಟಲ್ಲಿ. ಆ ಮನೆಯಲ್ಲಿ ಮೂರನೇ ಸಾಲದ ವಿಷಯ ಗಂಡನಿಗೇ ಗೊತ್ತಿರಲಿಲ್ಲ. ಮೂರೂ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿದೆವು. ವಸೂಲಿಗೆ ಬಂದವರು ಬೆದರಿಸುವುದು, ಮನೆ ಮುಂದೆ ಕೂತು ಅವಮಾನ ಮಾಡುವುದು ಕಾನೂನಿಗೆ ವಿರುದ್ಧ ಅಂತಲೂ ತಿಳಿಸಿದೆವು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಇದಕ್ಕಾಗಿಯೇ ಸುಗ್ರೀವಾಜ್ಞೆ ತಂದಿತು. ಸಾಲ ತೀರಲು ಕಾಲ ಬೇಕು. ಆದರೆ ದೇವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲು ಸಾಲ ತೀರುವವರೆಗೆ ಕಾಯಬೇಕಾಗಿಲ್ಲ. ಆ ಹಾಳೆಯನ್ನೇ ಮುಂದಿಟ್ಟುಕೊಂಡು ಪ್ರಾರ್ಥನೆ ಮಾಡಿ ಅಂದೆ. ಈಗ ಅವರಿಬ್ಬರೂ ಹಾಗೇ ಮಾಡುತ್ತಾರೆ.

ಚಿಂತೆ ಮಾಡಬೇಡಿ ಅಂದರೆ ಕೈಕಟ್ಟಿ ಕೂರಿ ಅಂತ ಅಲ್ಲ. ಯೇಸು ಸ್ವಾಮಿ ತೋರಿಸಿದ ಆಕಾಶದ ಹಕ್ಕಿ ಕೂಡ ಬೆಳಿಗ್ಗೆ ಎದ್ದು ಆಹಾರ ಹುಡುಕಲು ಹೋಗುತ್ತದೆ ಅಲ್ವಾ? ಇವತ್ತು ಮಾಡಬಹುದಾದ ಕೆಲಸ ಒಂದಿದ್ದರೆ ಅದು ಜವಾಬ್ದಾರಿ. ಮಾಡಲು ಏನೂ ಇಲ್ಲದೆ ರಾತ್ರಿ ಎರಡು ಗಂಟೆಗೆ ಅದೇ ಅದೇ ತಲೆಯಲ್ಲಿ ಸುತ್ತುತ್ತಿದ್ದರೆ ಅದು ಚಿಂತೆ. ಈ ವ್ಯತ್ಯಾಸ ಹೇಳಿಕೊಟ್ಟರೆ ಎಷ್ಟೋ ಜನಕ್ಕೆ ಅರ್ಧ ಭಾರ ಇಳಿಯುತ್ತದೆ.

ಈಗ ಐಶ್ವರ್ಯದ ಮಾತು. 2023ರ ಜುಲೈ ನೆನಪಿರಬಹುದು. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ರೇಟು ಬಿದ್ದು ರಸ್ತೆ ಬದಿಗೆ ಸುರಿದ ವರ್ಷಗಳಲ್ಲಿ ನಮ್ಮ ರೈತರು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಹಾಗಾಗಿ ಆ ಜುಲೈನಲ್ಲಿ ನನಗೂ ಬಹಳ ಸಂತೋಷವಾಯಿತು. ಆದರೆ ಅದೇ ತಿಂಗಳು ಕೆಲವು ಮನೆಗಳಲ್ಲಿ ಯಾರಿಗೂ ನಿದ್ದೆ ಇಲ್ಲ. ಕಳ್ಳರ ಭಯ, ರಾತ್ರಿಯೆಲ್ಲ ತೋಟಕ್ಕೆ ಕಾವಲು. ಆರಾಧನೆಯಲ್ಲಿ ಕೂತರೂ ಕೈ ಮೊಬೈಲಿನ ಮೇಲೆ, ಇವತ್ತಿನ ಹರಾಜು ಎಷ್ಟಕ್ಕೆ ಹೋಯಿತು ಅಂತ. ರೇಟು ಬಿದ್ದಾಗ ಇದ್ದ ತಳಮಳವೇ ರೇಟು ಏರಿದಾಗಲೂ ಇತ್ತು. ಮತ್ತಾಯ 6ನೇ ಅಧ್ಯಾಯದಲ್ಲಿ ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಅಂದ ತಕ್ಷಣ, ಊಟ ಬಟ್ಟೆಗಾಗಿ ಚಿಂತಿಸಬೇಡಿ ಅನ್ನುವ ಮಾತು ಬರುತ್ತದೆ. ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದು ಸುಮ್ನೆ ಅಲ್ಲ. ಇಲ್ಲದಿದ್ದರೆ ಹೇಗೆ ಅನ್ನೋದೂ, ಇದ್ದದ್ದು ಹೋದರೆ ಹೇಗೆ ಅನ್ನೋದೂ ಒಂದೇ ಬೇರಿನಿಂದ ಬಂದದ್ದು. ದುಡ್ಡೇ ನನ್ನನ್ನು ಕಾಯುತ್ತದೆ ಅನ್ನುವ ನಂಬಿಕೆ ಆ ಬೇರು.

ಜಮೀನಿನ ವಿಷಯ ಇನ್ನೂ ನೋವಿನದು. ಮಾಲೂರು, ಬಂಗಾರಪೇಟೆ ಕಡೆ ಎಕ್ಸ್‌ಪ್ರೆಸ್‌ವೇಗೆ ಭೂಮಿ ಹೋಯಿತು, ಪರಿಹಾರ ಬಂತು. ಹೈವೇ ಪಕ್ಕ ಲೇಔಟ್ ಎದ್ದವು. ಹೊಲಕ್ಕೆ ಬೆಲೆ ಇಲ್ಲದಾಗ ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು, ಬೆಲೆ ಬಂದ ಮೇಲೆ ಮಾತು ಬಿಟ್ಟರು. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಇಬ್ಬರೂ ಬರುತ್ತಾರೆ, ಒಬ್ಬರು ಬಲಗಡೆಯ ಸಾಲಿನಿಂದ, ಒಬ್ಬರು ಎಡಗಡೆಯಿಂದ. ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು ಅಂತ ಒಬ್ಬ ಯೇಸು ಸ್ವಾಮಿಯ ಹತ್ತಿರವೂ ಬಂದಿದ್ದ. ಲೂಕ 12ರಲ್ಲಿದೆ. ಅವರು ಪಾಲು ಮಾಡಲಿಲ್ಲ. ಕಣಜ ಕಿತ್ತು ದೊಡ್ಡದು ಕಟ್ಟುತ್ತೇನೆ ಅಂದ ಶ್ರೀಮಂತನ ಕಥೆ ಹೇಳಿದರು. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು. ಜಮೀನಿನ ವ್ಯಾಜ್ಯದಲ್ಲಿ ನನ್ನ ಹತ್ತಿರ ಬಂದವರಿಗೆ ಮೊದಲು ಈ ಭಾಗ ಓದಿಸುತ್ತೇನೆ. ಪಾಲಿನ ಕಾಗದ ಅದಾದ ಮೇಲೆ.

ದುಡ್ಡು ಬಂದದ್ದೇ ದೇವರ ಆಶೀರ್ವಾದಕ್ಕೆ ಸಾಕ್ಷಿ ಅಂತ ಕಲಿಸುವವರು ಈಗ ಜಾಸ್ತಿಯಾಗಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಗಾದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಕೆಲಸ ಹೋದ ಕೆಜಿಎಫ್‌ನ ವಿಶ್ವಾಸಿಗಳಿಗೆ ಆಶೀರ್ವಾದ ತಪ್ಪಿತೇ? ನಸುಕಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವವರು ಅಲ್ಲಿ ಎಷ್ಟೋ ಜನ. ಅಂಥವರ ಕೆಲವು ಮನೆಗಳಲ್ಲಿ ನಾನು ಕಂಡಷ್ಟು ಗಟ್ಟಿ ಪ್ರಾರ್ಥನೆ ಬೇರೆ ಕಡೆ ಕಂಡಿಲ್ಲ. ಹಾಗಂತ ಬಡತನವೇ ದೊಡ್ಡದು ಅಂತಲೂ ಹೇಳಲಾರೆ. ಸತ್ಯವೇದದಲ್ಲಿ ಬರುವ ಫಿಲಿಪ್ಪಿ ಪಟ್ಟಣದ ಲುದ್ಯಳು ಬೆಲೆಬಾಳುವ ಬಟ್ಟೆ ಮಾರುತ್ತಿದ್ದವಳು, ತನ್ನ ಮನೆಯನ್ನೇ ಅಪೊಸ್ತಲ ಪೌಲನಿಗೆ ತೆರೆದಳು. ಸತ್ಯವೇದದ ಜ್ಞಾನೋಕ್ತಿ 30ರಲ್ಲಿ ಆಗೂರ ಅನ್ನುವವನ ಪ್ರಾರ್ಥನೆ ಇದೆ. ಬಡತನವೂ ಬೇಡ, ಐಶ್ವರ್ಯವೂ ಬೇಡ, ಬೇಕಾದಷ್ಟು ಆಹಾರ ಕೊಡು ಅಂತ. ಹೊಟ್ಟೆ ತುಂಬಿದರೆ ದೇವರು ಯಾರು ಅಂದೇನು, ಬಡವನಾದರೆ ಕದ್ದೇನು ಅನ್ನುವ ಭಯ ಅವನಿಗೆ. ಎರಡೂ ಕಡೆಯ ಅಪಾಯ ಗೊತ್ತಿದ್ದ ಮನುಷ್ಯ.

ಹಾಗಾದರೆ ಏನು ಮಾಡೋದು ಅಂತ ಕೇಳುತ್ತಾರೆ. ನಮ್ಮ ಸಭೆಯ ಒಬ್ಬ ರೈತರು ಮಾಡುವುದನ್ನು ಹೇಳುತ್ತೇನೆ. ಟೊಮೆಟೊ ನಾರು ನೆಡುವ ದಿನವೇ ಬಂದದ್ದರಲ್ಲಿ ಎಷ್ಟು ಪಾಲು ಕೊಡಬೇಕು ಅಂತ ಹೆಂಡತಿಯ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ರೇಟು ಏನಾಗುತ್ತದೋ ಆಗ ಗೊತ್ತಿರುವುದಿಲ್ಲ. ಏರಿದರೂ ಇಳಿದರೂ ಆ ಮಾತು ಬದಲಾಗುವುದಿಲ್ಲ. ಒಂದು ಭಾಗ ಸಭೆಗೆ, ಇನ್ನೊಂದು ಭಾಗ ಊರಿನಲ್ಲಿ ಕಷ್ಟದಲ್ಲಿರುವ ಯಾರಿಗಾದರೂ. ಅವರು ಯಾವ ಜಾತಿ, ಯಾವ ಮತ ಅಂತ ಕೇಳುವುದಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. "ನಾನು ನೋಡಿದ್ರೂ ನೋಡದಿದ್ರೂ ರೇಟು ಅಷ್ಟೇ ಇರುತ್ತೆ ಅಯ್ಯನವರೇ" ಅಂತಾರೆ. ಈ ಸಲ ಸುಗ್ಗಿ ಹಬ್ಬಕ್ಕೆ ಮುಂಚೆ ಸಭೆಯ ರೈತರನ್ನೆಲ್ಲ ಒಂದು ಸಂಜೆ ಕೂರಿಸಿ, ಇದನ್ನು ಅವರ ಬಾಯಿಂದಲೇ ಹೇಳಿಸಬೇಕು ಅಂದುಕೊಂಡಿದ್ದೇನೆ.