ಓದುಗರ ಪ್ರಶ್ನೆ: ಹೆಚ್ಚು ಆಂಪಿಯರ್‌ನ ಫಿಲ್ಟರ್ ಹಾಕಿದರೆ ನಾಯ್ಸ್ ಹೋಗುತ್ತದೆಯೇ?

ಪ್ರಶ್ನೆ: ಮಾಲೂರಿನಲ್ಲಿ ಬ್ಯಾಟರಿ ಚಾರ್ಜರ್ ತಯಾರಿಸುತ್ತೇವೆ. ಅದು 5 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಫಿಲ್ಟರ್ ಹಾಕಿದರೂ ಇಎಂಐ ಪರೀಕ್ಷೆಯಲ್ಲಿ (ಉಪಕರಣ ಕರೆಂಟ್ ಲೈನಿಗೆ ಬಿಡುವ ವಿದ್ಯುತ್ ಗದ್ದಲ, ಅಂದರೆ ನಾಯ್ಸ್, ಅಳೆಯುವ ಪರೀಕ್ಷೆ) ಫೇಲಾಯಿತು. 16 ಆಂಪಿಯರ್‌ನದು ಹಾಕಬಹುದೇ?

ಹಾಕಬೇಡಿ. ನರಸಾಪುರ, ವೇಮಗಲ್ ಕಡೆಯವರೂ ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಫಿಲ್ಟರಿನ ಮೇಲಿರುವ ಆಂಪಿಯರ್, ಅದು ಅತಿಯಾಗಿ ಕಾಯದೆ ಎಷ್ಟು ಕರೆಂಟ್ ಹೊರಬಲ್ಲದು ಎಂಬುದನ್ನಷ್ಟೇ ತಿಳಿಸುತ್ತದೆ. ಅದನ್ನು ನೋಡಿ ನಾಯ್ಸ್ ತಡೆಯುವ ಶಕ್ತಿ ಅಳೆಯುವುದು, ಪೈಪಿನ ಅಗಲ ನೋಡಿ ಬೋರ್‌ವೆಲ್ ನೀರು ಸಿಹಿಯೋ ಸವಳೋ ಎಂದು ಹೇಳಿದ ಹಾಗೆ. ಇನ್ನೂ ಕೇಳಿ: ಅಷ್ಟೇ ದೊಡ್ಡ ಡಬ್ಬಿಯಲ್ಲಿ ಹೆಚ್ಚು ಆಂಪಿಯರ್ ಬೇಕೆಂದರೆ ಚೋಕಿಗೆ, ಅಂದರೆ ಒಳಗಿನ ತಂತಿ ಸುರುಳಿಗೆ, ದಪ್ಪ ತಂತಿ ಬೇಕು. ತಂತಿ ದಪ್ಪವಾದರೆ ಸುತ್ತು ಕಡಿಮೆ. ಸುತ್ತು ಅರ್ಧವಾದರೆ ಇಂಡಕ್ಟೆನ್ಸ್ (ಸುರುಳಿಯ ನಾಯ್ಸ್ ತಡೆಯುವ ಗುಣ) ಕಾಲು ಭಾಗಕ್ಕೆ ಇಳಿಯುತ್ತದೆ. ಹೆಚ್ಚು ದುಡ್ಡು ಕೊಟ್ಟು ದುರ್ಬಲ ಫಿಲ್ಟರ್ ತಂದಂತಾಗುತ್ತದೆ!

ಕೇಳಬೇಕಾದದ್ದು ನಾಯ್ಸನ್ನು ಎಷ್ಟು ಡೆಸಿಬೆಲ್ ತಗ್ಗಿಸಬೇಕು ಎಂದು. ಪರೀಕ್ಷೆ ಶುರುವಾಗುವುದು 150 ಕಿಲೋಹರ್ಟ್ಸ್‌ನಿಂದ. ನಿಮ್ಮ ಚಾರ್ಜರಿನ ಸ್ವಿಚಿಂಗ್ (ಕರೆಂಟನ್ನು ಆನ್-ಆಫ್ ಮಾಡುವ ವೇಗ) 100 ಕಿಲೋಹರ್ಟ್ಸ್ ಆಗಿದ್ದರೆ ಮೊದಲು ಸಿಕ್ಕಿಬೀಳುವುದು ಅದರ ಎರಡು ಪಟ್ಟು, ಅಂದರೆ 200ರ ಹಾರ್ಮೋನಿಕ್. ಅದರ ಕರೆಂಟ್ 0.1 ಆಂಪಿಯರ್ ಎಂದುಕೊಳ್ಳಿ. ಪರೀಕ್ಷೆಯಲ್ಲಿ ಲೈನಿಗೆ ಜೋಡಿಸುವ ಅಳತೆಯ ಜಾಲದ 50 ಓಮ್‌ನಲ್ಲಿ ಹೆಚ್ಚುಕಡಿಮೆ 5 ವೋಲ್ಟ್, ಅಂದರೆ 134 ಡೆಸಿಬೆಲ್ ಮೈಕ್ರೋವೋಲ್ಟ್ (ಒಂದು ಮೈಕ್ರೋವೋಲ್ಟಿಗೆ ಹೋಲಿಸಿದ ಡೆಸಿಬೆಲ್). ಬಿ ವರ್ಗದ (ಮನೆಬಳಕೆಯ ಉಪಕರಣಗಳ) ಕ್ವಾಸಿ-ಪೀಕ್ ಎಂಬ ಅಳತೆಯ ಮಿತಿ ಅಲ್ಲಿ ಸುಮಾರು 64. ಕೊರತೆ 70, ಧೈರ್ಯಕ್ಕೆ ಇನ್ನೊಂದು 6 ಸೇರಿಸಿ, 76. ಒಂದು ಹಂತದ ಎಲ್‌ಸಿ ಫಿಲ್ಟರ್ (ಒಂದು ಚೋಕ್, ಒಂದು ಕೆಪಾಸಿಟರ್) ಆವರ್ತನ ಹತ್ತು ಪಟ್ಟಾದಾಗ 40 ಡೆಸಿಬೆಲ್ ತಗ್ಗಿಸುತ್ತದೆ. ಹಾಗಾಗಿ ಅದರ ಕಟ್‌ಆಫ್ (ತಡೆ ಶುರುವಾಗುವ ಆವರ್ತನ) 2.5 ಕಿಲೋಹರ್ಟ್ಸ್ ಆಸುಪಾಸಿನಲ್ಲಿರಬೇಕು. ಇದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ನಾಯ್ಸಿನ ಲೆಕ್ಕ. ಹೀಟ್‌ಸಿಂಕ್ ಮೂಲಕ ಅರ್ತಿಗೆ ಸೋರುವ ನಾಯ್ಸಿಗೆ ಬೇರೆ ಲೆಕ್ಕ, ಬೇರೆ ಚೋಕ್.

ಲೆಕ್ಕ ಸರಿಯಿದ್ದರೂ ಜೋಡಣೆಯಲ್ಲಿ ಕೆಡಿಸುವವರಿದ್ದಾರೆ. ಫಿಲ್ಟರ್ ಕೂರುವ ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಕೆರೆಯಿರಿ. ಒಳಬರುವ ತಂತಿಯನ್ನೂ ಹೊರಹೋಗುವ ತಂತಿಯನ್ನೂ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಬಿಗಿದರೆ ನಾಯ್ಸ್, ಫಿಲ್ಟರಿನೊಳಗೆ ಹೋಗದೆ ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಿಬಿಡುತ್ತದೆ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು. ಫಿಲ್ಟರ್ ಹಾಕಿದ ಮೇಲೆ ಚಾರ್ಜರ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಅರ್ತಿಗೆ ಫಿಲ್ಟರಿನೊಳಗೆ ಒಂದೊಂದು ವೈ ಕೆಪಾಸಿಟರ್ (ನಾಯ್ಸನ್ನು ಅರ್ತಿಗೆ ಇಳಿಸುವ ಕೆಪಾಸಿಟರ್) ಇರುತ್ತದೆ. 4.7 ನ್ಯಾನೋಫ್ಯಾರಡ್‌ನದಾದರೆ 230 ವೋಲ್ಟಿಗೆ 0.34 ಮಿಲಿಆಂಪಿಯರ್ ಅರ್ತಿಗೆ ಹರಿಯುತ್ತದೆ. ಅರ್ತ್ ಇಲ್ಲದ ಸಾಕೆಟ್ಟಿನಲ್ಲಿ ಎರಡೂ ಸೇರಿ ಲೋಹದ ಕವಚವನ್ನು ಸುಮಾರು 115 ವೋಲ್ಟಿಗೆ ಏರಿಸುತ್ತವೆ. ಕೆಪಾಸಿಟರ್ ಕಿತ್ತು ಹಾಕಬೇಡಿ, ಸಾಕೆಟ್ಟಿನ ಅರ್ತ್ ಸರಿಮಾಡಿಸಿ.